ಪ್ರಸ್ಥಾನದ ಚೀಲ

ಬರುವುದಿಲ್ಲವೆಂದು ಗೊತ್ತಿರುವುದರಿಂದಲೇ ಧಾರಾಳವಾಗಿ ಕರೆಯುವವರನ್ನು ನೀವೂ ನೋಡಿರುತ್ತೀರಿ. ಹೋಗಲಾರೆನೆಂದು ಗೊತ್ತಿದ್ದೂ ಯಾರಾದರೂ ಕರೆಯಲಿ ಎಂದು ಕಾಯುವವರದು ಇನ್ನೊಂದು ಪಂಗಡ. ನಾನು ಆ ಪಂಗಡದವನು. ನಮ್ಮ ಮೈಸೂರಿನಲ್ಲಿ ಇದಕ್ಕೆ ಸಂಕೋಚ ಎನ್ನುತ್ತಾರೆ. ನಾನೀಗ ಇರುವ ಅಮೆರಿಕದ ಪಾರ್ಸಿಪನಿಯಲ್ಲಿ ಏನೂ ಅನ್ನುವುದಿಲ್ಲ, ಏಕೆಂದರೆ ಒಬ್ಬನೇ ಇರುವವನ ಸಂಕೋಚವನ್ನು ನೋಡುವವರಾದರೂ ಯಾರು?

ನನ್ನ ಅಪಾರ್ಟ್‌ಮೆಂಟಿನಿಂದ ಎರಡು ಸಿಗ್ನಲ್ ಆಚೆಗೆ ಕುಲಕರ್ಣಿ ಅಂಕಲ್ ಮತ್ತು ಸುಮಿತ್ರಾ ಆಂಟಿಯ ಮನೆ. ಧಾರವಾಡದವರು. ಅಂಕಲ್ ಮೂವತ್ತು ವರ್ಷ ಆಪರೇಷನ್ ಥಿಯೇಟರಿನಲ್ಲಿ ಜನರನ್ನು ಮಲಗಿಸಿ ಎಬ್ಬಿಸಿ ನಿವೃತ್ತರಾದ ಅರಿವಳಿಕೆ ಡಾಕ್ಟರು. ನಿವೃತ್ತರಾದವರು ಸಾಮಾನ್ಯವಾಗಿ ಕಾಶಿಗೆ ಹೋಗಿಬರುತ್ತಾರೆ. ಇವರು ಒಂದು ಹಾಯಿದೋಣಿ ಕೊಂಡು ಅದಕ್ಕೆ ‘ಮಲಪ್ರಭಾ’ ಎಂದು ಹೆಸರಿಟ್ಟರು. ಚಳಿಗಾಲವೆಲ್ಲ ಅದು ಗ್ರೀಸಿನ ಒಂದು ಸಣ್ಣ ಊರಿನಲ್ಲಿ ದಡಕ್ಕೇರಿ, ಮರದ ಊರುಗೋಲುಗಳ ಮೇಲೆ ನಿಂತಿರುತ್ತದೆ. ಮೇ ಬಂತೆಂದರೆ ಗಂಡ ಹೆಂಡತಿ ಹೋಗಿ, ತಳ ಕೆರೆದು, ಬಣ್ಣ ಬಳಿದು, ನೀರಿಗಿಳಿಸಿ, ಅಕ್ಟೋಬರಿನ ತನಕ ಮೆಡಿಟರೇನಿಯನ್ ಸಮುದ್ರದಲ್ಲಿ ದ್ವೀಪದಿಂದ ದ್ವೀಪಕ್ಕೆ ತಿರುಗುತ್ತಾರೆ. ಆಂಟಿಗೆ ಈಜು ಬರುವುದಿಲ್ಲ. ಕೇಳಿದರೆ, “ಮುಳುಗೂದು ಹಣ್ಯಾಗ ಬರದಿತ್ತಂದ್ರ ಈಜಿದ್ರೂ ಮುಳುಗತೀವಿ” ಎನ್ನುತ್ತಾರೆ. ಹಾಗೆಂದು ಅಲೆಗಳ ಮೇಲೆ ನಿಶ್ಚಿಂತೆಯಿಂದ ಅವಲಕ್ಕಿಗೆ ಒಗ್ಗರಣೆ ಹಾಕುತ್ತಾರೆ.

ಶುಕ್ರವಾರ ಹಾಯಿ ಎತ್ತಬಾರದೆಂದು ನಾವಿಕರ ನಂಬಿಕೆ. ಅದನ್ನು ಅಂಕಲ್ ಪಾಲಿಸುತ್ತಾರೆ. ಮಂಗಳವಾರ ಹೊಸಿಲು ದಾಟಬಾರದೆಂಬುದು ಆಂಟಿಯ ನಿಯಮ. ಅವರಿಗೆ ಟಿಕೆಟ್ ಸಿಗುವುದು ಮಾತ್ರ ಪ್ರತಿ ವರ್ಷವೂ ಮಂಗಳವಾರಕ್ಕೇ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯ ಪ್ರಸ್ಥಾನ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮೊದಲು ಒಳ್ಳೆಯ ಗಳಿಗೆ ನೋಡಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ನಾಲ್ಕು ವರ್ಷಗಳಿಂದ ಆ ಬೇರೆಯವರ ಮನೆ ನನ್ನದು. ಭಾನುವಾರ ಬೆಳಿಗ್ಗೆ ಒಂದು ನೀಲಿ ಚೀಲ ಬರುತ್ತದೆ. ಒಳಗೆ ಎರಡು ಲೈಫ್ ಜಾಕೆಟ್, ಒಂದು ತೆಂಗಿನಕಾಯಿ, ಒಂದು ಅರಿಶಿನದ ಕೊಂಬು. ಎರಡು ದಿನ ಅದು ನನ್ನ ಸೋಫಾದ ಮೇಲಿರುತ್ತದೆ. ಆಫೀಸಿನಿಂದ ಬಂದು ಅದರ ಪಕ್ಕದಲ್ಲಿ ಕೂತು ಟೀವಿ ನೋಡುತ್ತೇನೆ. ನಗಬೇಡಿ, ಆ ಎರಡು ದಿನ ಮನೆಗೆ ಬೇಗ ಬರಬೇಕೆನಿಸುತ್ತದೆ.

ಮಂಗಳವಾರ ಚೀಲ ಒಯ್ಯಲು ಬಂದಾಗ ಕಾಫಿ ಕುಡಿಯುತ್ತ ಅಂಕಲ್ ತಪ್ಪದೆ ಹೇಳುತ್ತಿದ್ದರು: “ನೀನೂ ಬಂದುಬಿಡೋ ಒಂದೆರಡು ವಾರ. ದೋಣ್ಯಾಗ ಮುಂದಿನ ಕೋಣಿ ಖಾಲೀನ ಇರ್ತದ.” ನಾನೂ ತಪ್ಪದೆ ಹೇಳುತ್ತಿದ್ದೆ: “ವೀಸಾ ಸ್ಟ್ಯಾಂಪಿಂಗ್ ಆಗಿಲ್ಲ ಅಂಕಲ್. ಈಗ ಕಂಟ್ರಿ ಬಿಟ್ಟರೆ ವಾಪಸ್ ಬರೋದು ಕಷ್ಟ ಅಂತ ಲಾಯರ್ ಹೇಳ್ತಾನೆ.” ಒಂದು ವರ್ಷ ಸ್ಟ್ಯಾಂಪಿಂಗ್ ಜೊತೆಗೆ ಆಫೀಸಿನ ಕಂಪ್ಯೂಟರುಗಳ ವೈ-ಟೂ-ಕೆ ಕೆಲಸದ ನೆಪವೂ ಸೇರಿತ್ತು. ಅವರು ಹೋದ ಮೇಲೆ ಐದು ತಿಂಗಳು ನಾನು ಮತ್ತು ಅವರ ಮನೆಯ ತುಳಸಿ ಗಿಡ. ದಿನ ಬಿಟ್ಟು ದಿನ ಹೋಗಿ ನೀರು ಹಾಕುತ್ತೇನೆ. ಮಾತೂ ಆಡುತ್ತೇನೆ, ಅದನ್ನು ಆಂಟಿಗೆ ಹೇಳಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ನನ್ನ ಗ್ರೀನ್ ಕಾರ್ಡ್ ಬಂತು, ಇನ್ನು ದೇಶ ಬಿಟ್ಟು ಹೋಗಿಬರಲು ಅಡ್ಡಿಯಿರಲಿಲ್ಲ. ಬೇರೆ ಯಾರಿಗೂ ಹೇಳದೆ, ದೋಣಿ ಪ್ರಯಾಣವೆಂದು ಮ್ಯಾನೇಜರನಿಗಷ್ಟೇ ಹೇಳಿ ಎರಡು ವಾರ ರಜೆ ಮಂಜೂರು ಮಾಡಿಸಿಕೊಂಡೆ. ಮ್ಯಾನ್‌ಹಟನ್ನಿಗೆ ಹೋಗಿ ಸಾಲಿನಲ್ಲಿ ನಿಂತು ಗ್ರೀಸಿನ ವೀಸಾ ಹಾಕಿಸಿಕೊಂಡೆ. ಕಪ್ಪು ಅಟ್ಟೆಯ ಷೂ ದೋಣಿಯ ಮೇಲೆ ಕಲೆ ಮಾಡುತ್ತದೆಂದು ಅಂಕಲ್ ಎಂದೋ ಅಂದದ್ದು ನೆನಪಿತ್ತು. ಬಿಳಿ ಅಟ್ಟೆಯ ಷೂ ತಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಾನು ಕಾಲುಚೀಲವನ್ನೂ ಹೊಲಿಸಿದ್ದೆ. ಅಂಕಲ್ ಕರೆದ ಕೂಡಲೇ “ಆಯ್ತು” ಎಂದುಬಿಡಬೇಕು, ಅವರು ತಬ್ಬಿಬ್ಬಾಗುವುದನ್ನು ನೋಡಬೇಕು ಎಂಬ ಆಸೆ.

ಮಂಗಳವಾರ ಬಂತು. ಅಂಕಲ್ ದೋಣಿಯ ತಳದ ಬಣ್ಣದ ಬಗ್ಗೆ ಹೇಳಿದರು, ಲಂಗರಿನ ಸರಪಳಿಯ ತುಕ್ಕಿನ ಬಗ್ಗೆ ಹೇಳಿದರು. ಕಾಫಿ ಮುಗಿಯಿತು. ನಾನು ಇನ್ನೊಂದು ಸುತ್ತು ಬೆರೆಸಿದೆ. ಅದೂ ಮುಗಿಯಿತು. ಕೊನೆಗೆ ನಾನೇ ನಾಚಿಕೆ ಬಿಟ್ಟು, “ಮುಂದಿನ ಕೋಣೆ ಈ ಸಲವೂ ಖಾಲೀನಾ ಅಂಕಲ್?” ಎಂದೆ.

ಉತ್ತರ ಕೊಟ್ಟವರು ಆಂಟಿ. “ಇಲ್ಲಪಾ, ಈ ಸಲ ಅಲ್ಲೆ ಅಕ್ಕಿ, ಉಳ್ಳಾಗಡ್ಡಿ ಇಡೋಣಂತ ಮಾಡೇವಿ. ಪ್ರತಿ ವರ್ಷ ಇವರು ಕರಿಯೂದು, ಇಲ್ಲ ಅನ್ನಲಿಕ್ಕೆ ನೀ ಸಂಕಟ ಪಡೂದು. ನಿನ್ನ ಮಾರಿ ನೋಡಲಿಕ್ಕೆ ಆಗೂದಿಲ್ಲ ನನಗ. ಈ ವರ್ಷ ಆ ಹುಡುಗನ್ನ ಕೇಳಬ್ಯಾಡ್ರಿ ಅಂತ ನಾನ ಹೇಳೀನಿ.”

ಪಾಸ್‌ಪೋರ್ಟು ನನ್ನ ಮೊಣಕೈ ಹತ್ತಿರದ ಡ್ರಾಯರಿನಲ್ಲೇ ಇತ್ತು. ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು, “ಒಳ್ಳೇದಾಯ್ತು ಆಂಟಿ, ಜೂನ್‌ನಲ್ಲಿ ನನಗೆ ಸಾಫ್ಟ್‌ವೇರ್ ರಿಲೀಸ್ ಬೇರೆ ಇದೆ.” ಅಂಕಲ್ ಚೀಲ ಎತ್ತಿಕೊಂಡರು. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಮೂವತ್ತೇಳು ವರ್ಷದ ಗಂಡಸು ನಾನು, ಖಾಲಿ ಸೋಫಾ ನೋಡಿ ಅತ್ತೆ.

ಆ ಶನಿವಾರ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ರಾಹುಕಾಲ ತಪ್ಪಿಸಿ, ಬಿಳಿ ಅಟ್ಟೆಯ ಷೂ, ಎರಡು ಒಳ್ಳೆಯ ಶರ್ಟು, ಒಂದು ತೆಂಗಿನಕಾಯಿ ಒಂದು ಚೀಲಕ್ಕೆ ತುಂಬಿ, ತುಳಸಿಗೆ ನೀರು ಹಾಕಲು ಹೋದಾಗ ಅವರ ಸೋಫಾದ ಮೇಲೆ ಇಟ್ಟು ಬಂದೆ. ಶಾಸ್ತ್ರದ ಪ್ರಕಾರ ನಾನೂ ಹೊರಟಾಯಿತು. ರಜೆಯನ್ನು ರದ್ದು ಮಾಡಿಸಲು ಅಭಿಮಾನ ಬಿಡಲಿಲ್ಲ. ಎರಡು ವಾರವೂ ಮನೆಯಲ್ಲೇ ಇದ್ದೆ. ನಡುವೆ ಒಮ್ಮೆ ಯಾವುದೋ ಬಂದರಿನಿಂದ ಆಂಟಿ ಫೋನ್ ಮಾಡಿದರು. ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ, “ಉಳ್ಳಾಗಡ್ಡಿ ಎಲ್ಲಾ ಮೊಳಕಿ ಒಡದಾವಪಾ. ಆ ಕೋಣ್ಯಾಗ ಗಾಳೀನ ಇಲ್ಲ ನೋಡು” ಎಂದರು. ಕಿಟಕಿ ತೆಗೆದಿಡಿ ಎಂದು ಸಲಹೆ ಕೊಟ್ಟೆ.

ಪ್ರಸ್ಥಾನ ಇಟ್ಟದ್ದನ್ನು ಮನೆಗೆ ವಾಪಸ್ ತಂದರೆ ಪ್ರಯಾಣ ಕೆಟ್ಟಂತೆ. ಹೀಗಾಗಿ ಚೀಲ ಇನ್ನೂ ಅಲ್ಲೇ ಇದೆ, ಒಳ್ಳೆಯ ಶರ್ಟುಗಳೂ ಅದರೊಳಗೇ ಇವೆ. ರಜೆ ಮುಗಿಸಿ ಮಾಸಿದ ಶರ್ಟಿನಲ್ಲಿ ಆಫೀಸಿಗೆ ಹೋದ ದಿನ ಮ್ಯಾನೇಜರ್ ಎದುರಾಗಿ, ದೋಣಿ ಪ್ರಯಾಣ ಹೇಗಿತ್ತು ಎಂದು ಕೇಳಿದ. ಎಲ್ಲ ಚೆನ್ನಾಗಿತ್ತು, ನನ್ನ ಕೋಣೆಯಲ್ಲಿ ಮಾತ್ರ ಗಾಳಿ ಸಾಲದು ಎಂದೆ.