ಐದಡಿಯ ಭಾಮೈದ, ಏಳಡಿಯ ದೇವರುಗಳು

ಕೊಪ್ಪದಲ್ಲಿ ನನ್ನ ಭಾಮೈದನಿಗಿಂತ ಎತ್ತರದ ಮನುಷ್ಯ ಇನ್ನೊಬ್ಬನಿಲ್ಲ. ಹಾಗೆಂದು ಹೇಳಿದವರು ಯಾರು? ನನ್ನ ಭಾಮೈದನೇ! ಟೇಪು ಹಿಡಿದರೆ ಐದಡಿ ಮುಟ್ಟಲು ಚಪ್ಪಲಿಯ ಸಹಾಯ ಬೇಕು, ಅದು ಬೇರೆ ಮಾತು.

ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ವೆಲ್ಡಿಂಗ್ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ಈ ಊರಿನ ಗೇಟು, ಗ್ರಿಲ್ಲುಗಳಲ್ಲಿ ಅರ್ಧ ನನ್ನ ಕೈಯವು, ಒಂದೂ ಬಿಟ್ಟುಕೊಂಡಿಲ್ಲ. ಅಂಗಡಿಯ ಬಾಗಿಲಿನ ಕಬ್ಬಿಣದ ಚೌಕಟ್ಟೂ ನಾನೇ ಬೆಸೆದದ್ದು. ಕೊಂಚ ತಗ್ಗಾಯಿತು. ಆಗಲಿ! ಎಂಥ ಸಾಹುಕಾರನೂ ನನ್ನ ಅಂಗಡಿಗೆ ತಲೆ ಬಗ್ಗಿಸಿಯೇ ಬರಬೇಕು. ಎದೆ ಸೆಟೆಸಿ ಬರುತ್ತಿದ್ದವನು ಭಾಮೈದ ಒಬ್ಬನೇ.

ಅವನದು ಕೇಬಲ್ ಟಿವಿ ಕೆಲಸ. ಡಿಶ್ಶಿನ ಕೆಳಗೆ ಕೂತು ಚಾನೆಲ್ ತಿರುಗಿಸುವಾಗ ಒಂದು ಬೆಳಿಗ್ಗೆ ಅಮೆರಿಕದ ಬಾಸ್ಕೆಟ್‌ಬಾಲ್ ಕಣ್ಣಿಗೆ ಬಿತ್ತು. ಅಲ್ಲಿಗೆ ಮುಗಿಯಿತು! ಅದು ಚೆಂಡನ್ನು ಬುಟ್ಟಿಗೆ ಹಾಕುವ ಆಟವೆಂದು ಲೋಕಕ್ಕೆಲ್ಲ ತಿಳಿದಿದೆ. ಭಾಮೈದನ ಪ್ರಕಾರ ಅದು ಹಾಕಲು ಬಿಡದಿರುವ ಆಟ. ಹಾಕುವವರನ್ನು ಅವನು ಕಣ್ಣೆತ್ತಿ ನೋಡುತ್ತಿರಲಿಲ್ಲ. ತಡೆಯುವ ಏಳಡಿಯ ದೈತ್ಯರೇ ಅವನಿಗೆ ಕುಲದೇವರು. ಅವರ ಹೆಸರುಗಳು ನಾಲಿಗೆಗೆ ಹೊರಳದೆ ತಾನೇ ನಾಮಕರಣ ಮಾಡಿದ. ಹಾರಿ ಬಡಿದು ಚೆಂಡನ್ನು ಜನರ ಮಧ್ಯಕ್ಕೆ ಅಟ್ಟುವವನು ‘ಸಿಡಿಲ’. ನಿಂತಲ್ಲೇ ಕೈ ಎತ್ತಿ ಹಲಸಿನಕಾಯಿ ಕೀಳುವಂತೆ ಕೀಳುವವನು ‘ದೋಟಿ’. ತಡೆದ ಮೇಲೆ ತೋರುಬೆರಳನ್ನು ಊಹೂಂ ಎಂದು ಅಲ್ಲಾಡಿಸುವವನು ‘ಬೆರಳಪ್ಪ’.

“ಇವರಲ್ಲಿ ದೊಡ್ಡವ ಯಾರು ಮಾರಾಯ?” ಎಂದು ಕೇಳಿದೆ.

“ಇವರ್ಯಾರೂ ಅಲ್ಲ ಭಾವ. ಯಾರ ಮುಖ ಕಂಡ ಕೂಡ್ಲೇ ಎದುರಿನವ ಎಸೆಯೋದೇ ಬೇಡ ಅಂತ ವಾಪಸ್ ಹೋಗ್ತಾನೋ, ಅವ ದೊಡ್ಡವ!”

ಊರಿಗೂ ಈ ಜ್ಞಾನ ಬರಲೆಂದು ಬೆಳಗಿನ ಭಕ್ತಿಗೀತೆಯ ಚಾನೆಲ್ಲಿನ ಜಾಗದಲ್ಲಿ ಆಟವನ್ನು ಕೂರಿಸಿಬಿಟ್ಟ. ಮೇಲಿನ ಪೇಟೆಯ ಅಜ್ಜಿಯೊಬ್ಬರು ಫೋನಿನಲ್ಲಿ ಬೆಂಕಿಯಾದರು. “ದೇವರ ಹಾಡೆಲ್ಲೋ? ಈ ರಾಕ್ಷಸರು ಎಂತಕ್ಕೆ?”

“ಅಜ್ಜೀ, ಇವರೆಲ್ಲ ಆಜಾನುಬಾಹುಗಳು. ಒಂದು ನಮಸ್ಕಾರ ಹಾಕಿ, ಪುಣ್ಯ ಬರ್ತದೆ.”

ಕೊನೆಗೆ ಮಾಲೀಕರ ಬೈಗುಳ ತಿಂದು ಭಕ್ತಿಗೀತೆ ವಾಪಸ್ ಹಾಕಿದ. ಮರುದಿನವೇ ಅಜ್ಜಿಯ ಫೋನು: “ಬೆರಳು ಆಡಿಸೋ ಆ ಮಾಣಿ ಎಲ್ಲೋ? ಹುಷಾರಿಲ್ವಾ ಎಂತ?”

ಶೃಂಗೇರಿಯ ಕಡೆ ಒಂದು ಮದುವೆಗೆ ಹೋದೆವು. ನಮ್ಮ ಕಡೆಯ ಬಡಿಸುವವರ ಒತ್ತಾಯ ನಿಮಗೆ ಗೊತ್ತಲ್ಲ? ಬೇಡವೆಂದು ಎಲೆಗೆ ಅಡ್ಡ ಕೈ ಹಿಡಿದರೆ ಬೆರಳ ಸಂದಿಯಿಂದ ಹೋಳಿಗೆ ಬೀಳುತ್ತದೆ. ಭಾಮೈದ ಕೈ ಅಡ್ಡ ಹಿಡಿಯಲಿಲ್ಲ. ಬಡಿಸುವವನು ಮೇಲಿನಿಂದ ಬಿಟ್ಟ ಹೋಳಿಗೆಗೆ ಕೂತಲ್ಲಿಂದಲೇ ನೆಗೆದು ಬಡಿದ! ಅದು ಹಾರಿ ಎದುರು ಪಂಕ್ತಿಯಲ್ಲಿದ್ದ ನರಸಿಂಹರಾಜಪುರದ ನಮ್ಮ ಚಿಕ್ಕಮ್ಮನ ಸಾರಿನಲ್ಲಿ ಮುಳುಗಿತು. ಇವನು ಎದ್ದು ಹೋಗಿ ಅದನ್ನು ಎತ್ತಿಕೊಂಡು ಬಂದು ತಿಂದ.

“ಬೇಡ ಅಂದವ ಎಂತಕ್ಕೆ ತಿಂದೆ?”

“ಮೇಲೆ ಹೋಗುವಾಗ ತಡೀಬೇಕು ಭಾವ. ಇಳಿಯುವಾಗ ಮುಟ್ಟಿದ್ರೆ ತಪ್ಪು ನಂದೇ, ಬುಟ್ಟಿಗೆ ಬಿದ್ದ ಹಾಗೇ ಲೆಕ್ಕ. ಆಟದ ಕಾನೂನು!”

ಪಂಕ್ತಿಯೆಲ್ಲ ನಕ್ಕಿತು. ಸೀರೆಗೆ ಸಾರು ಸಿಡಿದ ಚಿಕ್ಕಮ್ಮ ಮಾತ್ರ ನಗಲಿಲ್ಲ. ಪಕ್ಕದಲ್ಲಿದ್ದ ನನ್ನ ಮಗಳ ಕಡೆ ತಿರುಗಿದರು. ಮಗಳು ಆಗ ಒಂಬತ್ತನೇ ಕ್ಲಾಸು, ಆಗಲೇ ನನ್ನನ್ನು ಮೀರಿ ಬೆಳೆದಿದ್ದಳು. “ಮಾವ ಹಾಗೆ, ಸೊಸೆ ಹೀಗೆ! ಈ ದೀಪದ ಕಂಬಕ್ಕೆ ಗಂಡು ಎಲ್ಲಿಂದ ತರ್ತೀಯೋ?” ಎಂದು ನನ್ನನ್ನು ಕೇಳಿದರು. ಹುಡುಗಿ ಬೆನ್ನು ಬಗ್ಗಿಸಿ ಎಲೆಯೊಳಗೇ ಇಳಿದುಬಿಟ್ಟಳು. ಹೊಸದೇನಲ್ಲ. ಇಂಥ ಮಾತು ಕೇಳಿ ಕೇಳಿ ಅವಳು ನಡೆಯುವುದೇ ಗೂನು ಹಾಕಿಕೊಂಡು ಎಂಬಂತಾಗಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಭಾಮೈದ ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನು ಸುಮ್ಮನಿದ್ದನೆಂದರೆ ಡ್ರೈವರಿಗೂ ಗಾಬರಿ! ಕೊಪ್ಪ ಹತ್ತಿರ ಬಂದಾಗ ಇಷ್ಟೇ ಹೇಳಿದ: “ಆ ಮಾತು ಏಳುವಾಗಲೇ ತಡೀಬೇಕಿತ್ತು ಭಾವ. ನಾನು ಹೋಳಿಗೆ ತಿಂತಾ ಕೂತೆ.”

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು, “ಒಂದು ಬಳೆ ಮಾಡಿಕೊಡು” ಎಂದ. ಅಕ್ಕನಿಗಾ ಎಂದರೆ, ಅಲ್ಲ, ಗೋಡೆಗೆ! ಸರಳು ಬಗ್ಗಿಸಿ ಬೆಸೆದು ಅಂಗಡಿಯ ಹಿಂದಿನ ಗೋಡೆಗೆ ಏರಿಸಿಕೊಟ್ಟೆ. ಅಂದಿನಿಂದ ದಿನಾ ಸಂಜೆ ಅವನು ಎಸೆಯುವುದು, ಅವಳು ತಡೆಯುವುದು. ಮೊದಮೊದಲು ಗೂನು ಹಾಕಿಯೇ ನಿಲ್ಲುತ್ತಿದ್ದಳು, ಚೆಂಡು ತಲೆಯ ಮೇಲೆ ಹೋಗುತ್ತಿತ್ತು. “ಪೂರ್ತಿ ನಿಲ್ಲೇ ಕೂಸೇ! ದೇವರು ಕೊಟ್ಟದ್ದನ್ನ ಮಡಚಿ ಇಟ್ಕೊಂಡ್ರೆ ಜಿರಳೆ ತಿಂತದೆ!” ಎಂದು ಇವನು ಕೂಗುತ್ತಿದ್ದ. ಮಳೆಗಾಲ ಕಳೆಯುವಷ್ಟರಲ್ಲಿ ಅವನ ಒಂದು ಚೆಂಡೂ ಬಳೆಯ ಹತ್ತಿರ ಸುಳಿಯದಂತಾಯಿತು. ಚೆಂಡು ಮುಖಕ್ಕೇ ವಾಪಸ್ ಬಂದು ಮೂಗು ಊದಿದರೆ ಊರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದ. “ನಮ್ಮ ಕೂಸು ಹೊಡೆದದ್ದು!”

ಆ ದಿನಗಳಲ್ಲೇ ಒಮ್ಮೆ ಚಿಕ್ಕಮ್ಮ ಗೇಟು ಮಾಡಿಸಲು ಅಂಗಡಿಗೆ ಬಂದರು. ಹಿಂದಿನಿಂದ ಚೆಂಡಿನ ಸದ್ದು ಕೇಳಿ ಇಣುಕಿದರು. ಮಗಳು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿ ನಿಂತಳು. ಪೂರ್ತಿ ನಿಂತಳು. ಚಿಕ್ಕಮ್ಮನನ್ನು ನೇರವಾಗಿ ನೋಡಿದಳು. ಚಿಕ್ಕಮ್ಮ ಬಾಯಿ ತೆರೆದರು. ಭಾಮೈದನ ತೋರುಬೆರಳು ಏಳಲು ತಯಾರಾಗಿತ್ತು, ಆದರೆ ಅದರ ಅಗತ್ಯವೇ ಬೀಳಲಿಲ್ಲ. ತೆರೆದ ಬಾಯಿಂದ ಬಂದದ್ದು, “ಗೇಟು ಯಾವಾಗ ಕೊಡ್ತೀಯೋ?”

ಎಸೆಯದೆ ವಾಪಸ್ ಹೋದರು!

ಅದೇ ಖುಷಿಯಲ್ಲಿ ಮಗಳು ನೀರು ಕುಡಿಯಲು ಅಂಗಡಿಯೊಳಕ್ಕೆ ನಡೆದಳು, ನೆಟ್ಟಗೆ. ಠಣ್! ನನ್ನ ಚೌಕಟ್ಟು ಅವಳ ಹಣೆಗೆ ಬಡಿಯಿತು. ನಾನು ಎಂದಿನಂತೆ, “ಬಗ್ಗಿ ಬರೋಕೆ ಆಗಲ್ವಾ?” ಎನ್ನಲು ಬಾಯಿ ತೆರೆದೆ.

ಭಾಮೈದ ನನ್ನ ಕಡೆ ತಿರುಗಿ ಬೆರಳು ಅಲ್ಲಾಡಿಸಿದ. ಊಹೂಂ.

ನಾನು ಚೌಕಟ್ಟು ಕೊಯ್ಯಲು ಗ್ಯಾಸ್ ಕಟ್ಟರ್ ಹೊತ್ತಿಸಿದೆ. “ಎಷ್ಟು ಎತ್ತರಕ್ಕೆ ಇಡಲಿ ಮಾರಾಯ?”

ಅವನು ಸ್ಟೂಲು ಎಳೆದು ಹತ್ತಿದ. ತುದಿಗಾಲಲ್ಲಿ ನಿಂತು ಕೈಯನ್ನು ಆದಷ್ಟೂ ಮೇಲಕ್ಕೆ ಚಾಚಿದ.

“ಇಲ್ಲಿಗೆ ಇಡು ಭಾವ. ಅವಳು ಇನ್ನೂ ಬೆಳೀತಾಳೆ.”

ನಾನು ಸೀಮೆಸುಣ್ಣ ಹುಡುಕಿ ತಂದು ಗುರುತು ಹಾಕುವವರೆಗೂ ಅವನು ಕೈ ಇಳಿಸಲಿಲ್ಲ.