ನಗೆ ಇದ್ದರೆ ಸಾಲ

ಪಾಪಮ್ಮ ಸೊಸೈಟಿಯ ಹೆಸರನ್ನು ಮೊಟ್ಟಮೊದಲು ಕೇಳಿದ್ದು ಗಂಡನ ಮನೆಗೆ ಬಂದ ಮೂರನೆಯ ದಿನ, ರಾಗಿ ಬೀಸುತ್ತ ಕೂತಿದ್ದಾಗ. ಎಪ್ಪತ್ತೆರಡನೇ ಇಸವಿ. ಹೊರಗೆ ಜಗಲಿಯ ಮೇಲೆ ಮಾವ ಸೊಣ್ಣಪ್ಪ ಯಾರ ಜೊತೆಗೋ ಎಲೆಅಡಿಕೆ ಜಗಿಯುತ್ತ ಮಾತಾಡುತ್ತಿದ್ದ. ಬೀಸುವ ಕಲ್ಲಿನ ಗರಗರ ಸದ್ದಿನ ನಡುವೆ ಒಂದೇ ಒಂದು ಮಾತು ನೆಟ್ಟಗೆ ಬಂದು ಅವಳ ಕಿವಿಗೆ ಬಿತ್ತು.

"ಸಾಲಕ್ಕೇನ್ಲಾ ಯೋಚ್ನೆ? ಸೊಸೆ ಐತಲ್ಲ!"

ಕಲ್ಲು ನಿಂತಿತು. (ಮಾವ ಹೇಳಿದ್ದು "ಸೊಸೈಟಿ ಐತಲ್ಲ" ಅಂತ. ಬಾಯಿ ತುಂಬ ಎಲೆಅಡಿಕೆ ಇದ್ದವರು 'ಟಿ' ಅನ್ನೋ ಅಕ್ಷರವನ್ನು ರಸದ ಜೊತೆ ನುಂಗಿಬಿಡುತ್ತಾರೆ. ಆ ಒಂದು 'ಟಿ' ಹೊಟ್ಟೆಗೆ ಹೋಗಿದ್ದಕ್ಕೆ ಆ ಮನೆಯಲ್ಲಿ ಹನ್ನೆರಡು ವರ್ಷ ಏನೇನು ನಡೆಯಿತು ಅನ್ನೋದೇ ಈ ಕಥೆ.)

ಪಾಪಮ್ಮ ಕೊರಳು ಮುಟ್ಟಿ ನೋಡಿಕೊಂಡಳು. ಎರಡು ಸವರನ್ನಿನ ಚಿನ್ನದ ಅಡ್ಡಿಕೆ ಕತ್ತಿಗೆ ಅಂಟಿಕೊಂಡು ಬೆಚ್ಚಗೆ ಕೂತಿತ್ತು. ಆನೇಕಲ್ ಕಡೆಯ ಅವಳ ಅವ್ವ ಎರಡು ಎಮ್ಮೆ ಮಾರಿ ಮಾಡಿಸಿಕೊಟ್ಟದ್ದು. ಮೂರು ದಿನದ ಸೊಸೆಯನ್ನು ತೋರಿಸಿ ಸಾಲ ಎತ್ತೋ ಮನೆಯಲ್ಲಿ ಇದಕ್ಕೇನು ಗತಿ? ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋದದ್ದೇ ತಡ, ಅಟ್ಟ ಹತ್ತಿದಳು. ಅಲ್ಲಿ ಸಾಲಾಗಿ ಹುಣಸೆಹಣ್ಣಿನ ಗಡಿಗೆಗಳು. ಒಂದು ಉಂಡೆ ಬಿಡಿಸಿ, ಅಡ್ಡಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಮತ್ತೆ ಉಂಡೆ ಕಟ್ಟಿ, ಗುರುತಿಗೆ ಒಂದು ಪೊರಕೆಕಡ್ಡಿ ಚುಚ್ಚಿ ಗಡಿಗೆಯ ತಳಕ್ಕೆ ಸೇರಿಸಿದಳು.

ಸಂಜೆ ಅತ್ತೆ ನರಸಮ್ಮ ಕೊರಳು ನೋಡಿ ಕೇಳಿದಳು. "ಅಡ್ಡಿಕೆ ಎಲ್ಲಮ್ಮಿ?"

"ನಮ್ಮವ್ವ ಇಸ್ಕೊಂಡು ಹೋದ್ಲು ಅತ್ತೆ. ತೌರುಮನೇಲೈತೆ."

"ಓ," ಅಂದಳು ನರಸಮ್ಮ. ಅಷ್ಟೇ. ಅತ್ತೆಯಂಥ ಅತ್ತೆ ಇಷ್ಟಕ್ಕೇ ಸುಮ್ಮನಾದಳಲ್ಲ ಅಂತ ಪಾಪಮ್ಮನಿಗೆ ತನ್ನ ಬುದ್ಧಿಯ ಮೇಲೆ ಭಾರೀ ಗೌರವ ಬಂತು.

ತಿಂಗಳೊಳಗೆ ಸೊಸೈಟಿ ಅಂದರೆ ಮೈಲಿಯಾಚೆ ರಾಯಕೋಟೆ ರಸ್ತೆಯಲ್ಲಿರೋ ಸಾಲದ ಸಂಘ, ಅಲ್ಲಿ ಮಾವ ಹಳೇ ಮೆಂಬರು ಅಂತ ಗೊತ್ತಾಯಿತು. ಗೊತ್ತಾಗಿ ಏನು ಬಂತು? ಬಚ್ಚಿಟ್ಟಾಗಿತ್ತು. ಸುಳ್ಳು ಹೇಳಿಯೂ ಆಗಿತ್ತು. ಈಗ ಹೋಗಿ "ಅತ್ತೆ, ನಾನು 'ಟಿ' ಕೇಳಿಸ್ಕೊಳ್ಲಿಲ್ಲ" ಅನ್ನೋಕಾಗುತ್ತದೆಯೇ? ಅಡ್ಡಿಕೆ ಹುಣಸೆಯಲ್ಲೇ ಉಳಿಯಿತು. ಯಾರಾದರೂ ಒಡವೆಯ ಮಾತೆತ್ತಿದರೆ ಸಾಕು, ಪಾಪಮ್ಮನಿಗೆ ಆಗಲೇ ದನಕ್ಕೆ ನೀರು ಕುಡಿಸೋದು ನೆನಪಾಗುತ್ತಿತ್ತು.

ವರ್ಷಕ್ಕೊಂದು ಸಲ, ಯುಗಾದಿಯ ಮುಂಚಿನ ದಿನ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳು ಅಟ್ಟ ಹತ್ತುತ್ತಿದ್ದಳು. ಉಂಡೆ ಬಿಡಿಸಿ, ಅಡ್ಡಿಕೆ ತೊಳೆದು ಹಾಕಿಕೊಂಡು, ಬಿಂದಿಗೆಯ ನೀರಿನಲ್ಲಿ ನೆರಳು ನೋಡಿಕೊಂಡು, ಹೊಸ ಹುಣಸೆಯಲ್ಲಿ ಉಂಡೆ ಕಟ್ಟಿ ಇಡುವಳು. ವರ್ಷದಿಂದ ವರ್ಷಕ್ಕೆ ಅಡ್ಡಿಕೆಯ ಹೊಳಪು ಹೆಚ್ಚುತ್ತಿತ್ತು. ಹುಣಸೆಯ ಗುಣ ಅಂದುಕೊಂಡಳು. ಕೊಂಡಿಯಲ್ಲಿ ಒಂದು ಕೆಂಪು ದಾರದ ಗಂಟಿತ್ತು. ದೃಷ್ಟಿ ತಾಗದಿರಲಿ ಅಂತ ಅವ್ವ ಕಟ್ಟಿದ್ದಿರಬೇಕು. ಆ ದಾರವೂ ವರ್ಷ ವರ್ಷ ಹೊಸದರ ಹಾಗೇ ಇರುತ್ತಿತ್ತು. ಅವ್ವನ ಪ್ರೀತಿಗೆ ಬಣ್ಣ ಮಾಸುವುದಿಲ್ಲ ಅಂತ ಪಾಪಮ್ಮ ಪ್ರತಿ ಯುಗಾದಿಗೂ ಎರಡು ಹನಿ ಕಣ್ಣೀರು ಹಾಕುತ್ತಿದ್ದಳು.

ಹೀಗೇ ಎಂಬತ್ತನಾಲ್ಕನೇ ಇಸವಿ ಬಂತು. ಮಾವ ತೀರಿಕೊಂಡಿದ್ದ. ಗಂಡ ಮುತ್ತರಾಯಪ್ಪ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟು ಹಿಡಿದಿದ್ದ. ಊರಿಗೆ ಹಾಲಿನ ವ್ಯಾನು ಬರತೊಡಗಿತು. ಅದರ ಹಿಂದೆಯೇ ಪಾಪಮ್ಮನ ತಲೆಗೆ ಸೀಮೆ ಹಸು ಬಂದು ಹೊಕ್ಕಿತು. ಕಪ್ಪು ಬಿಳುಪು ಮಚ್ಚೆಯ, ಹೊತ್ತಿಗೆ ಆರು ಲೀಟರು ಕರೆಯುವ ಕಾಮಧೇನು! ಸ್ವಂತ ಹಸು, ಸ್ವಂತ ಹಾಲು, ಬಸ್ಸಿನ ಚಾರ್ಜಿಗೂ ಯಾರ ಮುಂದೆಯೂ ಕೈ ಚಾಚದ ಬಾಳು.

"ಆ ಹಸು ನಮ್ಮನೇಲಿ ಬದುಕಾಕಿಲ್ಲ," ಅಂದಳು ನರಸಮ್ಮ.

"ಯಾಕತ್ತೆ? ನಾವೆಲ್ಲ ಬದುಕ್ತಿಲ್ವಾ?"

"ನಾವು ಬಿಸಿಲು ತಡಕೊಳ್ತೀವಿ. ಅದಕ್ಕೆ ಫ್ಯಾನು ಹಾಕ್ಬೇಕಂತೆ. ನನ್ಗೇ ಫ್ಯಾನಿಲ್ಲ!"

ಗಂಡನನ್ನು ಕೇಳಿದರೆ, "ಅವ್ವನ್ನ ಕೇಳು," ಅಂದ. (ಅವನು ಮದುವೆಯಾದ ದಿನದಿಂದ ಆಡಿದ ಮಾತುಗಳನ್ನೆಲ್ಲ ಒಟ್ಟು ಮಾಡಿದರೆ ಅರ್ಧ ಇದೇ ಇರುತ್ತದೆ.)

ಆಗ ಪಾಪಮ್ಮನಿಗೆ ಮಹತ್ತಾದ ಉಪಾಯ ಹೊಳೆಯಿತು. ತಾನೇ ಸೊಸೈಟಿಗೆ ಹೋಗಿ ಮೆಂಬರಾಗಿ, ಸಾಲ ತಂದು, ಹಸುವನ್ನೇ ಅಂಗಳದಲ್ಲಿ ತಂದು ನಿಲ್ಲಿಸೋದು. ಆಗ ಅತ್ತೆ ಏನು ಮಾಡುತ್ತಾಳೆ, ಹಸುವನ್ನು ಸೀಮೆಗೆ ವಾಪಸು ಕಳಿಸುತ್ತಾಳೆಯೇ? ಕೈಯಲ್ಲಿ ಏನೂ ಇಲ್ಲದವಳಿಗೆ ಸಾಲ ಕೊಡದೆ ಹೋದರೆ ಅಂತ ಕಡ್ಡಿ ಚುಚ್ಚಿದ ಹುಣಸೆ ಉಂಡೆಯನ್ನೂ ಚೀಲದಲ್ಲಿಟ್ಟುಕೊಂಡಳು.

ಸೊಸೈಟಿಯಲ್ಲಿ ಮೊದಲು ಸಿಕ್ಕವನು ಅಟೆಂಡರ್ ಗೋಪಾಲಪ್ಪ. ಸಾಲಕ್ಕೆ ಬಂದವರಿಗೆಲ್ಲ ಮೊದಲು ಸಂಘದ ಇತಿಹಾಸ ಹೇಳೋದು ಅವನ ಪದ್ಧತಿ. ಅದಕ್ಕೆ ಬಡ್ಡಿ ಇರಲಿಲ್ಲ, ವಾಯಿದೆಯೂ ಇರಲಿಲ್ಲ.

"ಈ ಸಂಘ ಹುಟ್ಟಿದ್ದೇ ಹುಣಸೆಮರದ ಕೆಳಗೆ ಕಣಮ್ಮ. ನಿಮ್ಮ ಮಾವನೋರೂ ಇದ್ರು. ಒಂದು ತಗಡಿನ ಪೆಟ್ಟಿಗೆ, ಮೂರು ಬೀಗ, ಮೂರು ಜನದ ತಾವ ಮೂರು ಕೀ. ಮೂವರಿಗೂ ಒಬ್ರ ಮೇಲೊಬ್ರಿಗೆ ನಂಬ್ಕೆ ಇರ್ಲಿಲ್ಲ. ಅದಕ್ಕೇ ಸಂಘ ಇಷ್ಟು ಚೆನ್ನಾಗಿ ಬೆಳೀತು!"

ಊರಿನ ಮಾತು ಕನ್ನಡವಾದರೂ ಸೀಮೆ ತಮಿಳುನಾಡಿನದು. ಒಳಗೆ ಕೂತಿದ್ದ ಸೆಕ್ರೆಟರಿ ತಿರುನೆಲ್ವೇಲಿ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಕನ್ನಡ ಕಲಿಯುವ ಉತ್ಸಾಹ ಬೇಕಾದಷ್ಟಿತ್ತು, ಕನ್ನಡ ಅಷ್ಟಿರಲಿಲ್ಲ.

"ವಾಂಗಮ್ಮಾ, ಕೂತ್ಕೊಳ್ಳಿ. ಮೊದಲು ಪಂಗು ಕಟ್ಟಬೇಕು."

ಪಾಪಮ್ಮ ಹೌಹಾರಿದಳು. ಪಂಗನಾಮ ಹಾಕುತ್ತಾರೆ ಅಂತ ಕೇಳಿದ್ದಳು, ಬಾಗಿಲಲ್ಲೇ ಹೀಗೆ ಹೇಳಿಕೊಂಡು ಹಾಕುತ್ತಾರೆ ಅಂತ ಗೊತ್ತಿರಲಿಲ್ಲ. "ಪಂಗು ಅಂದ್ರೆ ಷೇರು ಕಣಮ್ಮ," ಅಂತ ಗೋಪಾಲಪ್ಪ ಬಿಡಿಸಿ ಹೇಳಿ, ಚಹಾ ತರಲು ಎದ್ದುಹೋದ. ಪಾಪಮ್ಮ ಸೆರಗಿನ ಗಂಟು ಬಿಚ್ಚಿ ಷೇರಿನ ದುಡ್ಡು ಕಟ್ಟಿ, ಕೋಳಿಕಾಲಿನಂಥ ಅಕ್ಷರದಲ್ಲಿ ರುಜು ಹಾಕಿದಳು.

"ಇನ್ನು ಸಾಲಾ? ಸುಲಭ. ನಗೆ ಇದೆಯಾ?" ಅಂದರು ಸೆಕ್ರೆಟರಿ.

ಸಂತೆಯ ತಮಿಳೆಲ್ಲ ಪಾಪಮ್ಮನಿಗೆ ಬರುತ್ತಿತ್ತು. ಮಳೆ, ಬೆಲೆ, ಕೋಳಿ, ಕೊತ್ತಂಬರಿ, ಬೈಗುಳ ಎಲ್ಲಾ. ಆದರೆ ತಮಿಳಿನಲ್ಲಿ ಒಡವೆಗೆ ನಗೆ ಅನ್ನುತ್ತಾರೆ ಅಂತ ಹೇಗೆ ಗೊತ್ತಾಗಬೇಕು? ಆ ಮಾತು ಬಂದಲ್ಲೆಲ್ಲ ಹನ್ನೆರಡು ವರ್ಷ ಎದ್ದು ಹೋದವಳು ಅವಳು. ದೊಡ್ಡ ಮನುಷ್ಯರು, ನಗುಮುಖ ಕೇಳುತ್ತಿದ್ದಾರೆ ಅಂದುಕೊಂಡು ಸೆರಗು ಸರಿಮಾಡಿಕೊಂಡು ಮೆಲ್ಲಗೆ ನಕ್ಕಳು.

"ಇದೆಯಾ ಇಲ್ಲವಾ?"

ಹಲ್ಲು ಕಾಣುವಂತೆ ನಕ್ಕಳು. "ಇಷ್ಟು ಸಾಕಾ ಸಾಮಿ?"

"ನಗೆ ಜಾಸ್ತಿ ಇದ್ದರೆ ಸಾಲ ಜಾಸ್ತಿ ಅಮ್ಮಾ."

ಹಸುವಿಗೆ ಬೇಕಾದ ಮೊತ್ತ ನೆನೆಸಿಕೊಂಡು ಪಾಪಮ್ಮ ಹೊಟ್ಟೆ ಹಿಡಿದುಕೊಂಡು ಗಹಗಹಿಸಿದಳು. ಗೊಬ್ಬರದ ಮೂಟೆ ಎಣಿಸುತ್ತಿದ್ದವರು ಕಿಟಕಿಯಲ್ಲಿ ಇಣುಕಿದರು.

ಸೆಕ್ರೆಟರಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. "ಅಮ್ಮಾ, ನಗೆ ಅಸಲಿಯಾ ನಕಲಿಯಾ, ಆಚಾರಿ ಉಜ್ಜಿ ನೋಡ್ತಾರೆ. ಆಮೇಲೆ ತೂಕ ಹಾಕ್ತಾರೆ."

ಉಜ್ಜುವ ಮಾತು ಬಂದ ಕೂಡಲೇ ಪಾಪಮ್ಮನ ನಗು ಪಟ್ಟನೆ ನಿಂತಿತು. "ಉಜ್ಜಾಕೆ ಬಂದ್ರೆ ಕೈ ಮುರೀತೀನಿ!"

ಅಷ್ಟರಲ್ಲಿ ಚಹಾ ಹಿಡಿದು ಬಂದ ಗೋಪಾಲಪ್ಪ, ಲೋಟ ಕೆಳಗಿಟ್ಟು ತಾನೂ ನಕ್ಕು ಮುಗಿಸಿ ಅರ್ಥ ಹೇಳಿದ. ನಾಚಿಕೆಯಿಂದ ಪಾಪಮ್ಮ ಏನು ಮಾಡುವುದೆಂದು ತೋಚದೆ ಹುಣಸೆ ಉಂಡೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಹುಣಸೆಹಣ್ಣಿಗೆ ಸಾಲ ಇಲ್ಲಮ್ಮಾ," ಅಂದರು ಸೆಕ್ರೆಟರಿ ದೀನರಾಗಿ.

ಅವಳು ಉಂಡೆ ಒಡೆದು ಬಟ್ಟೆ ಬಿಚ್ಚಿದಳು. ಅಡ್ಡಿಕೆ ಫಳಫಳ ಹೊಳೆಯಿತು. ಮೂಲೆಯಲ್ಲಿ ಒರೆಗಲ್ಲು ಹಿಡಿದು ಕೂತಿದ್ದ ಆಚಾರಿ ಕತ್ತೆತ್ತಿ ನೋಡಿದ, ಮೂಗರಳಿಸಿ ಮೂಸಿದ, ಒರೆಗಲ್ಲನ್ನು ಕೆಳಗಿಟ್ಟ.

"ಇದಕ್ಕೆ ಒರೆ ಬೇಡ ಸಾರ್. ಹನ್ನೊಂದು ಸಲ ಉಜ್ಜಿದ್ದೀನಿ. ಹುಣಸೆ ವಾಸನೆ ಬರೋ ಅಡ್ಡಿಕೆ ಇಡೀ ಜಿಲ್ಲೇಗೆ ಇದೊಂದೇ. ಪ್ರತಿ ವರ್ಷ ಬಿತ್ತನೇಗೆ ಒಳಗೆ ಬರುತ್ತೆ, ಯುಗಾದಿಗೆ ಮುಂಚೆ ಹೊರಗೆ ಹೋಗುತ್ತೆ. ಈ ಸಾರಿ ಯಾಕೋ ಒಂದು ತಿಂಗಳು ಬೇಗ ಬಂದೈತೆ."

ಗೋಪಾಲಪ್ಪ ಪುಸ್ತಕ ತೆಗೆದ. "ಹೌದು ಸಾರ್. ನರಸಮ್ಮ, ಸೊಣ್ಣಪ್ಪನ ಹೆಂಡ್ತಿ. ನೋಡಿ, ಕೆಂಪು ದಾರ ನಮ್ಮದೇ. ಅಡವಿಟ್ಟ ಒಡವೇಗೆ ಚೀಟಿ ಕಟ್ಟೋ ದಾರ."

ಅವ್ವನ ಪ್ರೀತಿಯ ದಾರ! ಪಾಪಮ್ಮ ಅಡ್ಡಿಕೆಯನ್ನು ಬಾಚಿ ಎದೆಗವಚಿಕೊಂಡಳು. "ಇದು ನಂದು! ನಮ್ಮವ್ವ ಎಮ್ಮೆ ಮಾರಿ ಮಾಡಿಸಿದ್ದು!"

ಸೆಕ್ರೆಟರಿಯ ಮುಖ ಗಂಟಾಯಿತು. "ಪುಸ್ತಕದಲ್ಲಿ ನರಸಮ್ಮಾ ಅಂತ ಇದೆ. ಅತ್ತೆ ನಗೆ ಸೊಸೆ ಎತ್ಕೊಂಡು ಬಂದರೆ ಪೋಲೀಸ್ ಕೇಸ್ ಅಮ್ಮಾ. ಅವರು ಬಂದು ಹೇಳಲಿ."

ತನ್ನ ಅಡ್ಡಿಕೆಯನ್ನು ತಾನೇ ಕದ್ದ ಕಳ್ಳಿಯಾಗಿ ಪಾಪಮ್ಮ ಬೆಂಚಿನ ಮೇಲೆ ಕೂತಳು. ಅತ್ತೆ ಬಂದು "ಇದು ನಂದೇ" ಅಂದರೆ ಮುಗಿಯಿತು. ಹಸುವೂ ಹೋಯಿತು, ಅಡ್ಡಿಕೆಯೂ ಹೋಯಿತು, ಮಾನವೂ ಹೋಯಿತು. ತೌರಿನಲ್ಲಿದೆ ಅಂತ ಹನ್ನೆರಡು ವರ್ಷ ಸಾರಿದವಳನ್ನು ಈಗ ಯಾರು ನಂಬುತ್ತಾರೆ?

ಗೋಪಾಲಪ್ಪ ಸೈಕಲ್ಲಿನಲ್ಲಿ ಹೋಗಿ ನರಸಮ್ಮನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಬಂದ. ಅವಳು ಇಳಿದು, ಸೊಂಟ ಒತ್ತಿಕೊಂಡು, ಮೇಜಿನ ಮೇಲೆ ಒಡೆದು ಬಿದ್ದಿದ್ದ ಹುಣಸೆಯನ್ನು ನೋಡಿ ಮೊದಲು ಅಂದದ್ದು, "ಅಯ್ಯೋ, ಒಳ್ಳೆ ಹಣ್ಣೆಲ್ಲ ಹಾಳು ಮಾಡ್ಬುಟ್ಟೆಯಲ್ಲಮ್ಮಿ!"

"ನನ್ನ ಅಡ್ಡಿಕೇನ ಹನ್ನೊಂದು ಸಲ ಕದ್ದಿದ್ದೀಯ ಅತ್ತೆ!"

"ಕದ್ದೋಳು ತಂದಿಡ್ತಾಳಾ? ಹನ್ನೊಂದು ಸಲ ತಂದೂ ಇಟ್ಟಿದ್ದೀನಿ. ಅದನ್ಯಾಕೆ ಎಣಿಸಾಕಿಲ್ಲ? ಕಡ್ಡೀನೂ ಅದೇ ತಾವ ಚುಚ್ಚಿದ್ದೀನಿ!"

"ಯಾವಾಗ ಸಿಕ್ತು ನಿಂಗೆ?"

"ನೀನಿಟ್ಟ ಎಂಟನೇ ದಿನ. ಸಾರಿಗೆ ನೆನೆಹಾಕಿದ್ದೆ."

"ಸಿಕ್ಮೇಲೆ ಕೇಳ್ಬೌದಿತ್ತಲ್ಲ?"

"ಏನಂತ ಕೇಳಾನ? ತೌರುಮನೇಲೈತೆ ಅಂದೋಳ್ನ, ಹುಣಸೇಹಣ್ಣಾಗೈತಲ್ಲ ಕೊಡು ಅಂತ ಕೇಳಾನ? ಹೊಸ ಸೊಸೆ, ನಿನ್ಗೆ ನಾಚ್ಕೆ ಆಗಾಕಿಲ್ವ?"

ಗೋಪಾಲಪ್ಪ ಇತಿಹಾಸದ ಮನುಷ್ಯ, ಸುಮ್ಮನಿರಲಾರದೆ ಹಳೇ ಪುಸ್ತಕ ತೆಗೆದು ಮೊದಲನೇ ಸಲದ ಬರಹವನ್ನು ಗಟ್ಟಿಯಾಗಿ ಓದಿದ. "ಎಪ್ಪತ್ತಮೂರು. ಸಾಲದ ಕಾರಣ, ಸೊಸೆಯ ಹೆರಿಗೆ, ಕೃಷ್ಣಗಿರಿ ಆಸ್ಪತ್ರೆ."

ಆ ಹೆರಿಗೆ ಪಾಪಮ್ಮನಿಗೆ ಚೆನ್ನಾಗಿ ನೆನಪಿತ್ತು. ಎರಡು ದಿನ ಒದ್ದಾಡಿದವಳನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಹೋಗಿದ್ದರು. ದುಡ್ಡು ಎಲ್ಲಿಂದ ಬಂತು ಅಂತ ಅವಳು ಕೇಳಿರಲಿಲ್ಲ. ಮಾವ ಅಂದಿದ್ದೋ ಬಿಟ್ಟಿದ್ದೋ, ತನ್ನ ಕಿವಿ ಕೇಳಿಸಿಕೊಂಡದ್ದೇ ಕಡೆಗೆ ನಿಜವಾಗಿತ್ತು. ಸಾಲಕ್ಕೆ ಸೊಸೆಯೇ ಆಗಿಬಂದಿದ್ದಳು.

"ನಗೆ ಯಾರದಮ್ಮಾ?" ಸೆಕ್ರೆಟರಿ ಪೆನ್ನು ಹಿಡಿದು ಕೇಳಿದರು.

"ನನ್ನ ಸೊಸೇದು. ನಾನು ಎರವಲು ತರ್ತಿದ್ದೆ. ಅಂಗೇ ಬರ್ಕೊಳ್ಳಿ," ಅಂದಳು ನರಸಮ್ಮ. ಆಮೇಲೆ ಸೊಸೆಯ ಕಡೆ ತಿರುಗಿ, "ಹಸು ಬದುಕಾಕಿಲ್ಲ ಅಂದಿದ್ದು ಇದಕ್ಕೇ ಕಣಮ್ಮಿ. ಇರೋದು ಒಂದಡ್ಡಿಕೆ. ಹಸೂಗಿಟ್ರೆ ಬಿತ್ತನೇಗೇನಿಡಾನ?"

"ಹಾಲಿನ ದುಡ್ಡು ಇಡಾನ ಅತ್ತೆ."

ನರಸಮ್ಮ ಒಡೆದ ಹುಣಸೆಯನ್ನೆಲ್ಲ ಬಳಿದು ಸೆರಗಿಗೆ ಹಾಕಿಕೊಂಡು, "ಆಗ್ಲಿ, ಜಾಮೀನಿಗೆ ಹೆಬ್ಬೆಟ್ಟು ಎಲ್ಲೊತ್ತಾನ?" ಅಂದಳು. ಆ ಕಾಗದದ ಮೇಲೆ ಹೆಬ್ಬೆಟ್ಟಿನ ಜೊತೆಗೆ ಹುಣಸೆಯ ರಸವೂ ಬಿದ್ದಿತ್ತು ಅಂತ ಗೋಪಾಲಪ್ಪ ಇಂದಿಗೂ ಇತಿಹಾಸದಲ್ಲಿ ಸೇರಿಸಿ ಹೇಳುತ್ತಾನೆ.

ಹಸು ಬಂತು. ಬದುಕಿತು. (ಫ್ಯಾನೂ ಬಂತು. ಅದು ಅತ್ತೆಗೆ ಹಾಕಿದ್ದು, ಹಸು ಬಾಗಿಲಲ್ಲಿ ಕತ್ತು ತೂರಿಸಿ ಪಾಲು ತಗೊಳ್ಳುತ್ತಿತ್ತು.) ಮಾರನೇ ವರ್ಷ ಅಡ್ಡಿಕೆ ಬಿಡುಗಡೆಯಾದ ದಿನ ಪಾಪಮ್ಮ, "ಇನ್ಮೇಲೆ ಕೊರಳಿಗೇ ಹಾಕ್ಕೋತೀನಿ," ಅಂದಳು. "ಹಾಕ್ಕೊಂಡ್ರೆ ಊರೋರೆಲ್ಲ ಸಾಲ ಕೇಳ್ತಾರೆ, ಉಂಡೆ ಕಟ್ಟು," ಅಂದಳು ನರಸಮ್ಮ. ಅತ್ತೆ ಸೊಸೆ ಎದುರುಬದುರು ಕೂತು ಉಂಡೆ ಕಟ್ಟಿದರು.

ಎಂಬತ್ತಾರರ ಯುಗಾದಿಯ ಹೊತ್ತಿಗೆ ನರಸಮ್ಮ ಹಾಸಿಗೆ ಹಿಡಿದಿದ್ದಳು. ಹಬ್ಬದ ಬೆಳಗ್ಗೆ ಕೈಸನ್ನೆ ಮಾಡಿ ಸೊಸೆಯನ್ನು ಹತ್ತಿರ ಕರೆದಳು. ಅತ್ತೆ ತನ್ನ ಗಂಟೇನಾದರೂ ಎಲ್ಲೋ ಹೂತಿಟ್ಟಿದ್ದನ್ನು ಹೇಳುತ್ತಾಳೇನೋ, ಇಲ್ಲಾ ಆಶೀರ್ವಾದ ಮಾಡುತ್ತಾಳೇನೋ ಅಂತ ಪಾಪಮ್ಮ ಬಾಗಿ ಕಿವಿ ಕೊಟ್ಟಳು. ಈ ಸಲ ಒಂದಕ್ಷರವೂ ತಪ್ಪದ ಹಾಗೆ ಕೇಳಿಸಿಕೊಂಡಳು. ಅತ್ತೆ ಅವಳನ್ನು ಏನಾದರೂ ಕೇಳಿದ್ದು ಅದೇ ಕಡೆ.

"ಈ ವರ್ಷ ಉಂಡೇನ ಅಟ್ಟದ ಮ್ಯಾಲೆ ಇಡ್ಬೇಡ ಕಣಮ್ಮಿ. ಇಲ್ಲೇ, ನನ್ನ ತಲೆದೆಸೆಗೆ ಇಡು. ಬಿತ್ತನೆ ಹೊತ್ಗೆ ನಿನ್ಗೆ ಗೊತ್ತಾಗ್ದಂಗೆ ಎತ್ಕೊಂಡು ಹೋಗ್ಬೇಕಲ್ಲ, ಏಣಿ ಹತ್ತಾಕೆ ಮಂಡಿ ಬರಾಕಿಲ್ಲ."