ಬಾತ್‌ರೂಮಿನ ಬಾಗಿಲಿಗೆ ನಾನು ಕಟ್ಟಿದ ಬುಟ್ಟಿ

ನೇರವಾಗಿಯೇ ಆರೋಪಿಸುತ್ತೇನೆ: ಗೌರಿ ಹಬ್ಬಕ್ಕೆ ಒಂದೇ ವಾರವಿರುವಾಗ ನಮ್ಮ ತಾಯಿಯವರ ಕೊಡುಬಳೆ ವ್ಯವಹಾರ ನೆಲಕಚ್ಚಿದ್ದಕ್ಕೆ ನಮ್ಮ ತಂದೆಯವರೇ ಹೊಣೆ. ಎರಡನೆಯ ಹೊಣೆಗಾರ ಅವರ ಮಗ. ಅವನ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಆರ್‌ಪಿಸಿ ಲೇಔಟಿನ ನಮ್ಮ ಕಟ್ಟಡದ ಆರೂ ಮನೆಗಳಲ್ಲಿ ಅದು ಈಗಾಗಲೇ ಸಾಕಷ್ಟು ಪ್ರಚಾರ ಪಡೆದಿದೆ.

ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರ, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ತಂದೆ ನಿವೃತ್ತ ಗಣಿತದ ಮೇಷ್ಟ್ರು. ತಾಯಿ ಸರೋಜಮ್ಮ ಹಬ್ಬಗಳಿಗೆ ಆರ್ಡರಿನ ಮೇಲೆ ಕೊಡುಬಳೆ ಮಾಡಿಕೊಡುತ್ತಾರೆ. ಹಿಟ್ಟು ಕಲಸುವುದು ಅಮ್ಮ, ಬಳೆ ಹೊಸೆಯುವುದು ಅಪ್ಪ. ಕೈವಾರವಿಲ್ಲದೆ ಬೋರ್ಡಿನ ಮೇಲೆ ವೃತ್ತ ಬರೆದು ಪಳಗಿದ ಕೈ ಅದು! ಆದರೆ ಅದೇ ಕೈ ಪ್ರತಿದಿನ ಬೆಳಿಗ್ಗೆ ಮುಕ್ಕಾಲು ಗಂಟೆ ಫೋನು ಹಿಡಿದು ಬಾತ್‌ರೂಮಿನಲ್ಲಿ ದೇಶದ ಆಗುಹೋಗುಗಳನ್ನು ಪರಾಮರ್ಶಿಸುತ್ತಿತ್ತು. ಅಲ್ಲಿಂದ ಫೋನು ಸೀದಾ ಡೈನಿಂಗ್ ಟೇಬಲ್ಲಿಗೆ, ಇಡ್ಲಿ ತಟ್ಟೆಯ ಪಕ್ಕಕ್ಕೆ.

ವಿಜ್ಞಾನ ಓದಿದ ಮಗ ಇದನ್ನು ಸಹಿಸುವುದುಂಟೇ? ನಾನು ಬಾತ್‌ರೂಮಿನ ಬಾಗಿಲಿನ ಪಕ್ಕ ಮೊಳೆ ಹೊಡೆದು ಬುಟ್ಟಿಯೊಂದನ್ನು ಕಟ್ಟಿದೆ. ಮೇಲೊಂದು ಫಲಕ: ‘ಅಪ್ಪನವರು ತಮ್ಮ ಫೋನನ್ನು ಕಡ್ಡಾಯವಾಗಿ ಇಲ್ಲಿಟ್ಟು ಒಳಗೆ ಹೋಗತಕ್ಕದ್ದು.’

ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. "ಸರಿ ಕಣೋ. ಬರೆದಿರೋ ಹಾಗೇ ನಡ್ಕೋತೀನಿ."

ಅಷ್ಟು ಸುಲಭದ ಗೆಲುವನ್ನು ಅನುಮಾನಿಸಬೇಕಾಗಿತ್ತು. ನಾನು ಅನುಮಾನಿಸಲಿಲ್ಲ. ಬದಲಿಗೆ ಉಬ್ಬಿದೆ!

ಉಬ್ಬಿದವನು ಸುಮ್ಮನಿರಲಾರ. ಇಡೀ ಕಟ್ಟಡವನ್ನೇ ಸುಧಾರಿಸಲು ಹೊರಟೆ. ಪ್ರತಿ ಮನೆಯ ಫೋನುಗಳನ್ನೂ ಹತ್ತಿಯ ಕಡ್ಡಿಯಿಂದ ಒರೆಸಿ, ಆ ಕಡ್ಡಿಯನ್ನು ಸೂಕ್ಷ್ಮಜೀವಿ ಬೆಳೆಯುವ ಗಾಜಿನ ತಟ್ಟೆಗೆ ಸವರಿ, ಎರಡು ದಿನ ಕಾಲೇಜಿನ ಪ್ರಯೋಗಾಲಯದಲ್ಲಿಟ್ಟು, ಭಾನುವಾರ ಟೆರೇಸಿನಲ್ಲಿ ನಡೆಯುವ ನಿವಾಸಿಗಳ ಸಭೆಯಲ್ಲಿ ಪ್ರದರ್ಶಿಸುವುದು ನನ್ನ ಯೋಜನೆ.

ಕೆಳಗಿನ ಮನೆಯ ನಾಗರತ್ನ ಆಂಟಿ ಎಚ್ಚರಿಸಿದ್ದರು. "ತಟ್ಟೆ ಮೇಲೆ ಬರೀ ನಂಬರ್ ಹಾಕಪ್ಪ. ಹೆಸರು ಯಾಕೆ? ಸುಮ್ನೆ ಮನಸ್ತಾಪ."

"ಆಂಟಿ, ಹೆಸರಿಲ್ಲದಿದ್ರೆ ಹೊಣೆಗಾರಿಕೆ ಎಲ್ಲಿಂದ ಬರತ್ತೆ? ಯಾರ ಫೋನಲ್ಲಿ ಎಷ್ಟು ಕೊಳೆ ಇದೆ ಅಂತ ಸಮಾಜಕ್ಕೆ ಗೊತ್ತಾಗ್ಲೇಬೇಕು!"

"ಗೊತ್ತಾಗ್ಲಿ ಬಿಡು," ಎಂದರು ಆಂಟಿ. ಆ ಮಾತಿನಲ್ಲೊಂದು ಶಾಪವಿತ್ತು ಎಂದು ಈಗ ಅನಿಸುತ್ತಿದೆ.

ಭಾನುವಾರ ಬಂತು. ಮುಚ್ಚಳಕ್ಕೆ ಟೇಪು ಸುತ್ತಿ, ಕುತೂಹಲ ಉಳಿಯಲೆಂದು ಫಲಿತಾಂಶವನ್ನು ನಾನೂ ನೋಡದೆ, ಹೆಸರು ಕಾಣದಂತೆ ಕೆಳಮುಖವಾಗಿ ಜೋಡಿಸಿ ತಂದ ತಟ್ಟೆಗಳನ್ನು ನಾಟಕೀಯವಾಗಿ ಒಂದೊಂದಾಗಿ ತಿರುಗಿಸಿದೆ. ಕೆಲವುಗಳಲ್ಲಿ ಅಲ್ಲಲ್ಲಿ ಚುಕ್ಕೆ. ನಾಗರತ್ನ ಆಂಟಿಯದರಲ್ಲಿ ಬೆರಳೆಣಿಕೆಯಷ್ಟು. ಒಂದು ತಟ್ಟೆಯಂತೂ ಸ್ವಚ್ಛ, ಪರಿಶುದ್ಧ: ನಮ್ಮ ತಂದೆಯವರದು! ಪ್ರಥಮ ಬಹುಮಾನವಾದ ಸೋಪನ್ನು ನಾನೇ ಅವರ ಕೈಗಿತ್ತೆ. ಚಪ್ಪಾಳೆ.

ಉಳಿದದ್ದು ಒಂದೇ ತಟ್ಟೆ. ತಿರುಗಿಸಿದೆ. ಅದರಲ್ಲಿ ಹಳದಿ, ಬಿಳಿ, ಬೂದು ಬಣ್ಣಗಳ ಒಂದು ದಟ್ಟ ಅರಣ್ಯ!

"ಅಯ್ಯೋ, ಇದೇನೋ ಇದು, ಹಳಸಿದ ಬಿಸಿಬೇಳೆಬಾತ್ ಇದ್ದಂಗಿದೆ!" ಎಂದ ಎದುರು ಮನೆಯ ಕಿರಣ. "ಹೆಸರು ಓದು ಮಗಾ, ಹೆಸರು ಓದು. ಹೊಣೆಗಾರಿಕೆ!"

ಓದಿದೆ. ಅದು ನನ್ನ ಹೆಸರು.

"ಸಾಧ್ಯವೇ ಇಲ್ಲ! ನಾನು ಫೋನನ್ನ ಒಳಗೆ ಒಯ್ಯೋದೇ ಇಲ್ಲ. ಬೆಳಿಗ್ಗೆ ಅದು ಹಾಲ್‌ನಲ್ಲಿ ಚಾರ್ಜಿಗಿರತ್ತೆ. ಅಲ್ವಾ ಅಪ್ಪ?"

ಅಪ್ಪ ಸೋಪನ್ನು ಮೂಸಿ ನೋಡುತ್ತಿದ್ದರು. "ಹೌದಪ್ಪ, ಅಲ್ಲೇ ಇರತ್ತೆ. ನಾನು ತಗೊಂಡು ಹೋಗೋವರೆಗೂ."

"ಏನು?"

"ನನ್ನ ಫೋನ್ ಕಡ್ಡಾಯವಾಗಿ ಬುಟ್ಟೀಲಿ ಇಟ್ಟೇ ಹೋಗಿದೀನಿ. ಒಂದು ದಿನಾನೂ ತಪ್ಸಿಲ್ಲ. ನಿನ್ನ ಫೋನ್ ಬಗ್ಗೆ ನಿನ್ನ ಬೋರ್ಡಲ್ಲಿ ಏನೂ ಬರೆದಿರ್ಲಿಲ್ವಲ್ಲ?"

ಗ್ಯಾಸ್ ಬುಕ್ ಮಾಡಲು ಅನುಕೂಲವಾಗಲೆಂದು ಅವರ ಹೆಬ್ಬೆರಳಿನ ಗುರುತನ್ನು ನನ್ನ ಫೋನಿಗೆ ಸೇರಿಸಿದವನೂ ನಾನೇ. ಬೆಳಿಗ್ಗೆ ನಾನು ಟೆರೇಸಿನಲ್ಲಿ ಪ್ರಾಣಾಯಾಮ ಮಾಡುತ್ತಿದ್ದರೆ, ನನ್ನ ಫೋನು ಕೆಳಗೆ ಬಾತ್‌ರೂಮಿನಲ್ಲಿ ಉಸಿರುಗಟ್ಟಿಕೊಂಡಿರುತ್ತಿತ್ತು!

ಜನ ನಕ್ಕರು. ನಗುವಿನಲ್ಲೇ ಮುಗಿದಿದ್ದರೆ ನಾನೂ ಬದುಕುತ್ತಿದ್ದೆ. ಆದರೆ ನಾಗರತ್ನ ಆಂಟಿಯ ಮುಖ ಗಂಭೀರವಾಯಿತು.

"ಇರು ಇರು. ಮೊನ್ನೆ ಕೊಡುಬಳೆ ಕರಿಯೋವಾಗ ಬಾಣಲೆ ಪಕ್ಕ ಇಟ್ಕೊಂಡು ಟೈಮ್ ನೋಡ್ತಿದ್ಯಲ್ಲ, ಅದೂ ಇದೇ ಫೋನಾ?"

ಅಮ್ಮ ನನ್ನನ್ನು ನೋಡಿದರು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ನಾನು ಉಪನ್ಯಾಸಕ!

"ನೋಡಿ, ಇವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ."

"ಹಾಗಾದ್ರೆ ಉಳಿದವು?" ಎಂದ ಕಿರಣ.

ಸಂಜೆಯೊಳಗೆ ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಎಲ್ಲರದೂ ಅದೇ ಮೆತ್ತನೆಯ ದನಿ. "ಸರೋಜಮ್ಮ, ತಪ್ಪು ತಿಳ್ಕೋಬೇಡಿ. ಈ ಸಲ ನಮ್ಮನೇಲೇ ಮಾಡ್ಕೋತೀವಿ." ಅಮ್ಮ ಎಲ್ಲರಿಗೂ "ಪರ್ವಾಗಿಲ್ಲ ಕಣ್ರಿ" ಎಂದರು. ತಮ್ಮ ಉಪ್ಪು, ಖಾರ, ಹದ ಯಾವುದರಲ್ಲೂ ಒಂದು ದಿನವೂ ದೂರು ಕೇಳದ ಹೆಂಗಸು, ಮಗನ ತಟ್ಟೆಯೊಂದರಿಂದ ಸೋತರು. ಬಾಣಲೆ ತೊಳೆದು ಅಟ್ಟಕ್ಕೇರಿಸಿದರು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ನನ್ನೊಡನೆ ಮಾತಿಲ್ಲ. ತಟ್ಟೆ ಟೇಬಲ್ಲಿನ ಮೇಲಿರುತ್ತದೆ, ಕರೆ ಇರುವುದಿಲ್ಲ.

ಆದಕಾರಣ ಸಂಬಂಧಪಟ್ಟವರಲ್ಲಿ ವಿನಯಪೂರ್ವಕವಾಗಿ ಕೋರುವುದೇನೆಂದರೆ: ಮಾನ್ಯ ತಂದೆಯವರು ಪರರ ಫೋನನ್ನು ಒಳಗೊಯ್ದದ್ದಕ್ಕೆ ಸಮಜಾಯಿಷಿ ನೀಡಿ, ಬಹುಮಾನದ ಸೋಪನ್ನು ಈ ಕೂಡಲೇ ಬಳಸಲು ಆರಂಭಿಸಬೇಕು. ನಿವಾಸಿಗಳು ಅಡುಗೆಮನೆಯನ್ನು ಖುದ್ದು ಪರಿಶೀಲಿಸಿ, ಅಪರಾಧ ಮಗನದೇ ಹೊರತು ಕೊಡುಬಳೆಯದಲ್ಲ ಎಂದು ಒಪ್ಪಿ, ಆರ್ಡರುಗಳನ್ನು ಮರಳಿ ನೀಡಬೇಕು. ಮಾನ್ಯ ತಾಯಿಯವರು ಬಾಣಲೆಯನ್ನು ಅಟ್ಟದಿಂದ ಇಳಿಸಬೇಕು. ಈ ಅರ್ಜಿದಾರನಿಗೆ ಅವರಿಂದ ಲಿಖಿತ ಉತ್ತರವೇನೂ ಬೇಡ. ‘ಊಟಕ್ಕೆ ಬಾ’ ಎಂಬ ಎರಡು ಪದ ಸಾಕು.